ಮೊದಲು ಸೇನೆ, ಆಮೇಲೆ ಡಿಸಿ ಆಫೀಸು ಅಂತಾನೆ ತಮ್ಮ. ಈ ದಾರಿ ನಿಜಕ್ಕೂ ಇದೆಯಾ?

ಜಗಳೂರು ಅಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಮೆಕ್ಕೆಜೋಳ ಹಾಕುತ್ತಾರೆ, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ತಮ್ಮ ನನ್ನ ಜೊತೆಗೇ ಇದ್ದುಕೊಂಡು ಸೆಕೆಂಡ್ ಪಿಯುಸಿ ಓದುತ್ತಿದ್ದಾನೆ, ಸೈನ್ಸ್.

ಅವನ ಕಾಲೇಜಿಗೆ ಜನವರಿ 26ಕ್ಕೆ ಒಬ್ಬ ಅಧಿಕಾರಿ ಬಂದಿದ್ದರಂತೆ. ಮೊದಲು ಸೇನೆಯಲ್ಲಿ ಇದ್ದವರು, ಈಗ ಕಂದಾಯ ಇಲಾಖೆಯಲ್ಲಿ ಇದ್ದಾರಂತೆ. ಅವತ್ತಿನಿಂದ ಇವನಿಗೆ ಒಂದೇ ಮಾತು. ಎನ್‌ಡಿಎಗೆ (ಪಿಯುಸಿ ಆದವರನ್ನು ಸೇನಾಧಿಕಾರಿ ಮಾಡೋ ತರಬೇತಿ ಅಕಾಡೆಮಿ) ಹೋಗುತ್ತೇನೆ, ಹತ್ತು ಹದಿನೈದು ವರ್ಷ ಸೇನೆಯಲ್ಲಿ ಇರುತ್ತೇನೆ, ಆಮೇಲೆ ಐಎಎಸ್ ಮಾಡಿಕೊಂಡು ನಮ್ಮ ಕಡೆಗೇ ಬರುತ್ತೇನೆ ಅಂತ. ಬೆಳಗ್ಗೆ ಐದಕ್ಕೆ ಎದ್ದು ಸ್ಟೇಡಿಯಂಗೆ ಓಡೋಕೆ ಹೋಗುತ್ತಾನೆ. ಅಪ್ಪನಿಗೆ ಇದು ಅರ್ಥವೇ ಆಗುತ್ತಿಲ್ಲ. ಡಿಸಿ ಆಗಬೇಕು ಅಂದರೆ ನೇರವಾಗಿ ಡಿಗ್ರಿ ಮಾಡಿ ಪರೀಕ್ಷೆ ಬರೆಯಲಿ, ಮಧ್ಯದಲ್ಲಿ ಗಡಿಗೆ ಯಾಕೆ ಹೋಗಬೇಕು ಅಂತ ಕೇಳುತ್ತಾರೆ. ಅಮ್ಮ ಏನೂ ಮಾತಾಡಲ್ಲ, ಟಿವಿಯಲ್ಲಿ ಗಡಿಯ ಸುದ್ದಿ ಬಂದರೆ ಎದ್ದು ಒಳಗೆ ಹೋಗುತ್ತಾರೆ.

ನನಗೆ ಹುರುಪಿನ ಭಾಷಣ ಬೇಡ, ಅಂಥ ವಿಡಿಯೋಗಳನ್ನು ತಮ್ಮನೇ ದಿನಾ ತೋರಿಸುತ್ತಾನೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ. ತರಬೇತಿಯಲ್ಲಿ ಏನಾಗುತ್ತದೆ? ಅಲ್ಲಿ ಕಲಿತದ್ದು ಆಮೇಲೆ ಜನರ ಕೆಲಸಕ್ಕೆ ನಿಜವಾಗಿ ಬರುತ್ತದಾ? ಅಥವಾ ಅದೇ ಬೇರೆ ಲೋಕ, ಇದೇ ಬೇರೆ ಲೋಕವಾ? ಅಪ್ಪನ ಮುಂದೆ ಕೂತು ಮಾತಾಡೋಕೆ ನನಗೆ ಒಂದಿಷ್ಟು ನಿಜವಾದ ಸಂಗತಿ ಬೇಕು.


ಶೇಂಗಾ ಹೊಲ

ಅಕ್ಕಾ, ನಾನು ಚಳ್ಳಕೆರೆ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಚಿತ್ರದುರ್ಗದಲ್ಲಿ ಪಿಯುಸಿ, ಅಲ್ಲಿಂದ ಎನ್‌ಡಿಎ. 22 ವರ್ಷ ಸೇವೆ ಮಾಡಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತಿ ಆದೆ. ಈಗ ಊರಲ್ಲೇ ಇದ್ದೇನೆ. ನಿಮ್ಮ ತಮ್ಮನ ವಯಸ್ಸಿನಲ್ಲಿ ನನಗೂ ಯಾರಾದರೂ ಇದನ್ನೆಲ್ಲಾ ಹೇಳಿದ್ದರೆ ಚೆನ್ನಾಗಿತ್ತು ಅನಿಸುತ್ತದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಎನ್‌ಡಿಎ ಇರೋದು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ. ಮೂರು ವರ್ಷ, ಆರು ಟರ್ಮ್. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಸೇರಿದ ಹುಡುಗರು ಒಟ್ಟಿಗೆ ಕಲಿಯುತ್ತಾರೆ. 2022ರಿಂದ ಹುಡುಗಿಯರೂ ಇದ್ದಾರೆ, ಅವರ ಮೊದಲ 17 ಜನರ ಬ್ಯಾಚು 2025ರ ಮೇ ತಿಂಗಳಲ್ಲಿ ಪಾಸಾಗಿ ಹೊರಬಂತು. ಓದೂ ಇರುತ್ತದೆ, ಕೊನೆಗೆ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಡಿಗ್ರಿ ಸಿಗುತ್ತದೆ. ಅಪ್ಪನಿಗೆ ಇದನ್ನು ಮೊದಲು ಹೇಳಿ, ಯಾಕೆಂದರೆ ಹುಡುಗನ ಓದು ಅರ್ಧಕ್ಕೆ ನಿಲ್ಲುತ್ತದೆ ಅನ್ನೋ ಭಯ ನಮ್ಮ ಕಡೆ ಜಾಸ್ತಿ.

ಮೊದಲ ಆರು ತಿಂಗಳು ಕಷ್ಟ. ಸುಮ್ನೆ ಹೇಳುತ್ತಿಲ್ಲ, ತುಂಬಾ ಕಷ್ಟ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹಿಂದಿ ಅದಕ್ಕಿಂತ ಕಡಿಮೆ. ಈಜು ಬರುತ್ತಿರಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ನೀರು ಎಲ್ಲಿದೆ ಹೇಳಿ, ಬಾವಿ ಇದ್ದವರು ಕಲಿತರು, ನಮ್ಮ ಬಾವಿ ಬತ್ತಿಹೋಗಿತ್ತು. ಅಲ್ಲಿ ಈಜು ಎಲ್ಲರಿಗೂ ಕಡ್ಡಾಯ. ಕುದುರೆ ಸವಾರಿ ಕಡ್ಡಾಯ. ಮೊದಲ ಟರ್ಮಿನಲ್ಲಿ ಬಾಕ್ಸಿಂಗ್ ರಿಂಗಿಗೆ ಇಳಿಯಲೇಬೇಕು. ಪಿಟಿ ಬಟ್ಟೆಯಿಂದ ಯೂನಿಫಾರಂಗೆ, ಅಲ್ಲಿಂದ ಕ್ಲಾಸಿಗೆ, ಮತ್ತೆ ಆಟಕ್ಕೆ, ಇಡೀ ದಿನ ಸೈಕಲ್ ಮೇಲೆ ಓಡಾಟ. ತಪ್ಪು ಮಾಡಿದರೆ ರಗಡಾ, ಅಂದರೆ ನೆಲದ ಮೇಲೆ ಉರುಳೋದು, ತೆವಳೋದು. ಕ್ಲಾಸಿನಲ್ಲಿ ಕೂತ ತಕ್ಷಣ ಕಣ್ಣು ಮುಚ್ಚಿಹೋಗುತ್ತದೆ.

ಆದರೆ ರಗಡಾ ಒಬ್ಬನಿಗೆ ಅಂತ ಇರಲ್ಲ. ಒಬ್ಬ ತಡವಾಗಿ ಬಂದರೆ ಎಲ್ಲರೂ ಉರುಳಬೇಕು. ಮೊದಲ ತಿಂಗಳು ನನಗೆ ಇದು ಅನ್ಯಾಯ ಅನಿಸುತ್ತಿತ್ತು. ಆಮೇಲೆ ತಾನಾಗೇ ಒಂದು ಅಭ್ಯಾಸ ಬಂತು. ನಾನು ಎದ್ದ ಕೂಡಲೇ ಪಕ್ಕದ ಕೋಣೆಯ ಬಾಗಿಲು ತಟ್ಟುತ್ತಿದ್ದೆ. ಅವನು ಮಣಿಪುರದ ಹುಡುಗ, ನಿದ್ದೆ ಜಾಸ್ತಿ. ಅವನ ಬೆಲ್ಟ್ ನಾನು ಹುಡುಕಿಕೊಡುತ್ತಿದ್ದೆ, ನನ್ನ ಇಂಗ್ಲಿಷ್ ಪ್ರಬಂಧ ಅವನು ತಿದ್ದುತ್ತಿದ್ದ. ಸೇನೆ ನನಗೆ ಕಲಿಸಿದ ಮೊದಲ ಪಾಠ ಇದು. ಬಂದೂಕು ಹಿಡಿದದ್ದು ಅದಾದ ಮೇಲೆ.

ಆಮೇಲೆ ಒಂದು ವರ್ಷ ಡೆಹ್ರಾಡೂನಿನ ಐಎಂಎ, ಅಂದರೆ ಭೂಸೇನೆಯ ಅಧಿಕಾರಿಗಳ ಅಕಾಡೆಮಿ. 1932ರಲ್ಲಿ ಶುರುವಾದ ಸಂಸ್ಥೆ. ಅಲ್ಲಿಯ ಚೆಟ್‌ವುಡ್ ಹಾಲ್‌ನಲ್ಲಿ ಮೂರು ಸಾಲು ಬರೆದಿದ್ದಾರೆ, ಪ್ರತಿಯೊಬ್ಬ ಕೆಡೆಟ್‌ಗೂ ಬಾಯಿಪಾಠ. ದೇಶದ ಸುರಕ್ಷತೆ, ಗೌರವ, ಹಿತ ಮೊದಲು, ಯಾವಾಗಲೂ, ಪ್ರತಿ ಸಲವೂ. ನಿನ್ನ ಕೈಕೆಳಗಿನ ಜನರ ಗೌರವ, ಹಿತ, ಅನುಕೂಲ ಅದರ ನಂತರ. ನಿನ್ನ ಸ್ವಂತ ಸುಖ, ಅನುಕೂಲ, ಸುರಕ್ಷತೆ ಕೊನೆಗೆ, ಯಾವಾಗಲೂ, ಪ್ರತಿ ಸಲವೂ. ಇದು ಬರೀ ಗೋಡೆ ಬರಹ ಅಲ್ಲ. ಯೂನಿಟ್‌ಗೆ ಹೋದ ಮೇಲೆ ಬಡಾ ಖಾನಾ ಅಂತ ಇರುತ್ತದೆ, ಜವಾನರ ಜೊತೆ ಕೂತು ಊಟ ಮಾಡೋದು, ಅವತ್ತು ಅಧಿಕಾರಿಗಳೇ ಬಡಿಸುತ್ತಾರೆ. ಗುಡ್ಡದ ಮೇಲಿನ ಪೋಸ್ಟಿನಲ್ಲಿ ನನ್ನ ಸುಬೇದಾರ್ ಸಾಹೇಬರು ಒಂದು ದಿನ ಮೆಲ್ಲಗೆ ಕೇಳಿದರು: "ಸಾಹೇಬ್, ಕೊನೆಯ ಹುಡುಗನಿಗೆ ಬಿಸಿ ಊಟ ಸಿಕ್ಕಿತಾ ಅಂತ ನೋಡಿದಿರಾ?" ನಾನು ನೋಡಿರಲಿಲ್ಲ. ಮುಂದೆ ಒಂದು ದಿನವೂ ನೋಡದೆ ಬಿಟ್ಟಿಲ್ಲ.

ಪಾಸಿಂಗ್ ಔಟ್ ಪರೇಡ್ ದಿನ ಅಪ್ಪ ಅಮ್ಮ ಬಂದು ಹೆಗಲಿಗೆ ನಕ್ಷತ್ರ ಹಾಕುತ್ತಾರೆ. ನಮ್ಮಮ್ಮ ಅಷ್ಟು ದೂರ ರೈಲಿನಲ್ಲಿ ಹೋಗಿದ್ದು ಅದೇ ಮೊದಲು. ಶೇಂಗಾ ಬಿಡಿಸಿ ಬಿಡಿಸಿ ದಪ್ಪ ಆಗಿದ್ದ ಬೆರಳು, ನಕ್ಷತ್ರದ ಹಿಂದಿನ ಪಿನ್ನು ಹಾಕೋಕೆ ಆಗುತ್ತಿರಲಿಲ್ಲ. ನಾನು ಹಾಕಿಕೊಳ್ಳುತ್ತೇನೆ ಅಂದರೆ ಬಿಡಲಿಲ್ಲ. ಎಷ್ಟೋ ಹೊತ್ತು ನಿಂತು ಹಾಕಿದಳು.

ಇನ್ನು ಐಎಎಸ್ ಮಾತು. ರಾತ್ರಿ ಡೆಹ್ರಾಡೂನಿನಿಂದ ತಲೆ ಎತ್ತಿದರೆ ಮಸೂರಿಯ ದೀಪಗಳು ಕಾಣುತ್ತವೆ. ಅಲ್ಲೇ ಐಎಎಸ್ ಅಕಾಡೆಮಿ ಇರೋದು, ಮೂವತ್ತೈದು ಕಿಲೋಮೀಟರ್ ಇರಬಹುದು. ಹತ್ತಿರ ಕಾಣುತ್ತದೆ, ಆದರೆ ಎನ್‌ಡಿಎಯಿಂದ ಹೋದವನಿಗೆ ಸಿಗೋದು ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗಿನ ಅಧಿಕಾರಿ ಹುದ್ದೆ. ಮನಸ್ಸು ಬಂದಾಗ ಬಿಟ್ಟು ಬರೋಕೆ ಆಗಲ್ಲ, ಅನುಮತಿ ಬೇಕು. ಪಿಂಚಣಿಗೆ 20 ವರ್ಷ ತುಂಬಬೇಕು. ಅಷ್ಟು ಹೊತ್ತಿಗೆ ಐಎಎಸ್ ವಯಸ್ಸು ದಾಟಿರುತ್ತದೆ. ಹಾಗಾಗಿ ತಮ್ಮನ ಲೆಕ್ಕದಲ್ಲಿ ಒಂದು ತಪ್ಪಿದೆ. ಎನ್‌ಡಿಎ ಬೇಕು ಅಂದರೆ ಸೇನೆಯೇ ಅವನ ಬದುಕು ಅಂತ ಒಪ್ಪಿಕೊಂಡು ಹೋಗಲಿ. ಸೇನೆಯನ್ನು ದೋಣಿ ಮಾಡಿಕೊಂಡು ಇನ್ನೊಂದು ದಡ ಸೇರುತ್ತೇನೆ ಅಂತ ಹೊರಟವನಿಗೆ ಗಡಿಯ ಚಳಿಯಲ್ಲಿ ಮನಸ್ಸು ನಿಲ್ಲಲ್ಲ, ಅವನನ್ನು ನಂಬಿದ ಮೂವತ್ತು ಜವಾನರಿಗೂ ಅದು ಒಳ್ಳೆಯದಲ್ಲ.

ಜನಸೇವೆ ಅಂದರೆ ಡಿಸಿ ಕುರ್ಚಿ ಒಂದೇ ಅಲ್ಲ, ಅದನ್ನೂ ಹೇಳಿ. ಸೇನಾ ಮುಖ್ಯಸ್ಥರಾಗಿದ್ದ ಕಾರಿಯಪ್ಪನವರು 1953ರಲ್ಲಿ ನಿವೃತ್ತರಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಹೋದರು. ಇನ್ನೊಬ್ಬ ಸೇನಾ ಮುಖ್ಯಸ್ಥ ತಿಮ್ಮಯ್ಯನವರು ನಿವೃತ್ತಿಯ ನಂತರ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿ ಪಡೆ ನಡೆಸಿದರು, 1965ರಲ್ಲಿ ಅಲ್ಲೇ ತೀರಿಕೊಂಡರು. ಸೇನೆಯ ಇಂಜಿನಿಯರ್ ಆಗಿದ್ದ ಮೇಜರ್ ಜನರಲ್ ಖಂಡೂರಿ ಕೇಂದ್ರದಲ್ಲಿ ಹೆದ್ದಾರಿ ಮಂತ್ರಿ ಆದರು, ಉತ್ತರಾಖಂಡದ ಮುಖ್ಯಮಂತ್ರಿ ಆದರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬಿಜಾಪುರ ಸೈನಿಕ ಶಾಲೆ, ಎನ್‌ಡಿಎ ಮುಗಿಸಿ 1971ರ ಯುದ್ಧ ನೋಡಿ, ಸೇನೆ ಬಿಟ್ಟು ಮೊದಲು ಹೊಲಕ್ಕೆ ಇಳಿದರು, ಅವರ ಏರ್ ಡೆಕ್ಕನ್ ವಿಮಾನ ಕಂಪನಿ ಬಂದದ್ದು ಎಷ್ಟೋ ವರ್ಷದ ಮೇಲೆ.

ನಾನು ಅಷ್ಟು ದೊಡ್ಡವನಲ್ಲ. ಊರಿನ ಕೆರೆ ಹೂಳು ತೆಗೆಸೋ ಕೆಲಸಕ್ಕೆ ನಿಂತಿದ್ದೇನೆ. ಮೊದಲ ಸಭೆ ಬೆಳಗ್ಗೆ ಆರಕ್ಕೆ ಇಟ್ಟಿದ್ದೆ, ಒಬ್ಬರೂ ಬರಲಿಲ್ಲ. ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಅದು ಎಲ್ಲರೂ ಡೈರಿಗೆ ಹಾಲು ಹಾಕೋ ಹೊತ್ತು. ಸಂಜೆ ಏಳಕ್ಕೆ ಕಟ್ಟೆ ಹತ್ತಿರ ಕರೆದೆ, ಕೂರೋಕೆ ಜಾಗ ಸಾಲಲಿಲ್ಲ. ಪೋಸ್ಟಿನಲ್ಲಿ ಯಾವ ಹುಡುಗ ಎಷ್ಟು ಹೊತ್ತಿಗೆ ಪಹರೆ ಮುಗಿಸಿ ಬರುತ್ತಾನೆ ಅಂತ ಗೊತ್ತಿದ್ದವನಿಗೆ, ನನ್ನ ಊರಲ್ಲಿ ಯಾರು ಯಾವಾಗ ಹಾಲು ಕರೆಯುತ್ತಾರೆ ಅಂತ ಗೊತ್ತಿರಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.


ಲೆಕ್ಕದ ಮೇಷ್ಟ್ರು, ಚಿತ್ರದುರ್ಗ

ಕರ್ನಲ್ ಸಾಹೇಬರು ಹೇಳಿದ್ದು ಸರಿ. ನಾನು ಬರೀ ನಿಯಮ ಹೇಳುತ್ತೇನೆ ಅಕ್ಕಾ, ಹುಡುಗರಿಗೆ ಈ ಪರೀಕ್ಷೆಗೆ ಪಾಠ ಮಾಡುತ್ತೇನೆ.

ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಮಾಡುತ್ತದೆ. ಸೆಕೆಂಡ್ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಕೋರ್ಸ್ ಶುರುವಾಗುವಾಗ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ ಇರಬೇಕು. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯ ಅಂತ ಇಂಗ್ಲಿಷ್, ವಿಜ್ಞಾನ, ಇತಿಹಾಸ ಎಲ್ಲಾ ಸೇರಿದ ಪತ್ರಿಕೆಗೆ 600. ಪ್ರಶ್ನೆ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ನಮ್ಮ ಹುಡುಗರು ಎಡವೋದು ಇಲ್ಲೇ. ಗಣಿತ ಬರುತ್ತದೆ, ಪ್ರಶ್ನೆಯ ವಾಕ್ಯ ಓದಿ ಅರ್ಥ ಮಾಡಿಕೊಳ್ಳೋಕೆ ಹೊತ್ತು ಹಿಡಿಯುತ್ತದೆ. ದಿನಾ ಒಂದು ಗಂಟೆ ಇಂಗ್ಲಿಷ್ ಪೇಪರ್ ಜೋರಾಗಿ ಓದಲಿ, ಒಂದು ವರ್ಷದಲ್ಲಿ ಫಲ ಕಾಣುತ್ತದೆ.

ಇದು ಪಾಸಾದರೆ ಎಸ್‌ಎಸ್‌ಬಿ, ಅಂದರೆ ಸೇನೆಯ ಆಯ್ಕೆ ಮಂಡಳಿಯ ಪರೀಕ್ಷೆ, ಐದು ದಿನ, ಅದಕ್ಕೇ 900 ಅಂಕ. ಮೊದಲ ದಿನವೇ ಅರ್ಧಕ್ಕಿಂತ ಹೆಚ್ಚು ಜನ ವಾಪಸ್ ಬರೋದು ಮಾಮೂಲು. ಚಿತ್ರ ನೋಡಿ ಕತೆ ಬರೆಯೋದು, 60 ಪದಕ್ಕೆ ಒಂದೊಂದಕ್ಕೆ 15 ಸೆಕೆಂಡಿನಲ್ಲಿ ಒಂದು ವಾಕ್ಯ ಬರೆಯೋದು, ಹಗ್ಗ ಹಲಗೆ ಕೊಟ್ಟು ಗುಂಪಾಗಿ ಅಡ್ಡಿ ದಾಟಿ ಅನ್ನೋದು, ಸಂದರ್ಶನ. ಅಲ್ಲಿ ನೋಡೋದು ಗಟ್ಟಿಯಾಗಿ ಮಾತಾಡೋನನ್ನಲ್ಲ. ಹಿಂದೆ ಉಳಿದವನ ಕೈ ಯಾರು ಹಿಡಿದರು ಅನ್ನೋದನ್ನೂ ಬರೆದುಕೊಳ್ಳುತ್ತಾರೆ. ಫೇಲಾದರೆ ಮತ್ತೆ ಹೋಗಬಹುದು, ನಾಚಿಕೆ ಏನಿಲ್ಲ.

ಈಗ ತಮ್ಮನ ಕನಸಿಗೆ ನಿಜವಾಗಿ ಹೊಂದೋ ದಾರಿ ಬೇರೆ ಇದೆ. ಡಿಗ್ರಿ ಮಾಡಿ ಸಿಡಿಎಸ್ ಅನ್ನೋ ಸೇನಾಧಿಕಾರಿ ಪರೀಕ್ಷೆ ಬರೆದು, ಅಥವಾ ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆಯೇ ಇಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗಿ, ಚೆನ್ನೈನ ಒಟಿಎ ಅನ್ನೋ ಅಧಿಕಾರಿ ತರಬೇತಿ ಅಕಾಡೆಮಿಯಲ್ಲಿ 49 ವಾರ ತರಬೇತಿ ಪಡೆದರೆ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ನಿಗದಿತ ಅವಧಿಯ ಅಧಿಕಾರಿ ಹುದ್ದೆ. 10 ವರ್ಷ ಸೇವೆ, ಬೇಕಾದರೆ ಇನ್ನೂ 4. 22ಕ್ಕೆ ತರಬೇತಿಗೆ ಸೇರಿದವನು 33ಕ್ಕೆ ಹೊರಗೆ ಬರುತ್ತಾನೆ. ಸಾಮಾನ್ಯ ವರ್ಗಕ್ಕೆ ಸಿವಿಲ್ ಸರ್ವಿಸ್ ಮಿತಿ 32. ಆದರೆ ಕನಿಷ್ಠ ಐದು ವರ್ಷ ಸೇವೆ ಮುಗಿಸಿ, ಅವಧಿ ಮುಗಿದು ಬಿಡುಗಡೆಯಾದ ಅಧಿಕಾರಿಗೆ ಐದು ವರ್ಷ ಸಡಿಲಿಕೆ ಇದೆ, ಅಂದರೆ 37. ಹಿಂದುಳಿದ ವರ್ಗದವರಾದರೆ ಇನ್ನೂ ಮೂರು ಸೇರುತ್ತದೆ. ಎಷ್ಟು ಸಲ ಬರೆಯಬಹುದು ಅನ್ನೋದು ಮಾತ್ರ ಜಾಸ್ತಿ ಆಗಲ್ಲ, ಸಾಮಾನ್ಯ ವರ್ಗಕ್ಕೆ ಆರು ಸಲವೇ. ಮುಖ್ಯ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ನಮ್ಮ ಕೆಪಿಎಸ್‌ಸಿಯಲ್ಲೂ ಮಾಜಿ ಸೈನಿಕರಿಗೆ ಮೀಸಲಾತಿ ಇದೆ. ಶಾರ್ಟ್ ಸರ್ವಿಸ್‌ನವರಿಗೆ ಪಿಂಚಣಿ ಇಲ್ಲ, ಒಂದು ಗಂಟು ಹಣ ಸಿಗುತ್ತದೆ ಅಷ್ಟೇ. ಅಪ್ಪನಿಗೆ ಇದನ್ನೂ ಮುಚ್ಚಿಡಬೇಡಿ.


ಬಂಡಿದಾರಿ

ಮೇಷ್ಟ್ರು ಈಗ ಹೇಳಿದ ದಾರಿಯಲ್ಲೇ ನಾನು ಬಂದವನು. ದಾವಣಗೆರೆಯಲ್ಲಿ ಡಿಗ್ರಿ, ಎನ್‌ಸಿಸಿ, ಬೆಂಗಳೂರಿನಲ್ಲಿ ಎಸ್‌ಎಸ್‌ಬಿ, ಚೆನ್ನೈ ಒಟಿಎ. ಹತ್ತು ವರ್ಷ ಸೇನೆ. ಈಗ ತಹಶೀಲ್ದಾರ್. ತಾಲ್ಲೂಕಿನ ಹೆಸರು ಬೇಡ.

ಮಧ್ಯದ ಎರಡು ವರ್ಷದ ಬಗ್ಗೆ ಯಾರೂ ಹೇಳಲ್ಲ, ಅದನ್ನು ಹೇಳುತ್ತೇನೆ. ಸೇನೆ ಬಿಟ್ಟ ದಿನ ಸಂಜೆ ಫೋನು ಸುಮ್ಮನಾಯಿತು. ಅಲ್ಲಿಯವರೆಗೆ ನೂರು ಜನರ ಊಟ, ರಜೆ, ಜ್ವರ, ಮನೆಯ ಜಗಳ ಎಲ್ಲಾ ನನ್ನ ತಲೆಯಲ್ಲೇ ಇತ್ತು. ದಾವಣಗೆರೆಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿ 22 ವರ್ಷದ ಹುಡುಗರ ಪಕ್ಕ ಲೈಬ್ರರಿಯಲ್ಲಿ ಕೂತೆ. ನಾನು ಬರೆದ ಕನ್ನಡ ನನಗೇ ಓದೋಕೆ ಬರುತ್ತಿರಲಿಲ್ಲ. ಹತ್ತು ವರ್ಷ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಬರೆದಿರಲಿಲ್ಲ. ಒತ್ತಕ್ಷರ ಮರೆತಿದ್ದೆ. ಆ ಹುಡುಗರೇ ತಿದ್ದಿದರು, ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಇತಿಹಾಸದ ಪ್ರಶ್ನೆ ಕೇಳುತ್ತಿದ್ದರು. ಎರಡನೇ ಸಲಕ್ಕೆ ಕೆಪಿಎಸ್‌ಸಿ ಆಯಿತು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ತರಬೇತಿ, ಆಮೇಲೆ ತಾಲ್ಲೂಕು ಕಚೇರಿ.

ಕೆಲಸಕ್ಕೆ ಬರುತ್ತದಾ ಅಂತ ಕೇಳಿದಿರಿ. ಒಂದು ಪ್ರಕರಣ ಹೇಳುತ್ತೇನೆ. ಬಂಡಿದಾರಿ ತಕರಾರು. ಹಳ್ಳಿಯವರಿಗೆ ಗೊತ್ತಿರುತ್ತದೆ, ಗ್ರಾಮ ನಕಾಶೆಯಲ್ಲಿ ಚುಕ್ಕೆ ಚುಕ್ಕೆಯಾಗಿ ದಾರಿ ಇರುತ್ತದೆ, ನೆಲದ ಮೇಲೆ ಇರಲ್ಲ. ಒಬ್ಬರು ಅದರ ಮೇಲೆ ಅಡಿಕೆ ಹಾಕಿದ್ದರು. ಹಿಂದಿನ ಹೊಲದವರು ಏಳು ವರ್ಷದಿಂದ ಅರ್ಜಿ ಕೊಡುತ್ತಿದ್ದರು. ಕಡತ ಇಷ್ಟು ದಪ್ಪ ಆಗಿತ್ತು, ಪ್ರತಿ ಹಾಳೆಯಲ್ಲೂ "ಸ್ಥಳ ಪರಿಶೀಲಿಸಿ ವರದಿ ನೀಡಿ" ಅಂತ ಷರಾ, ಪರಿಶೀಲಿಸಿದವರು ಮಾತ್ರ ಯಾರೂ ಇಲ್ಲ.

ಸೇನೆಯಲ್ಲಿ ರೆಕ್ಕಿ ಇಲ್ಲದೆ ಪ್ಲಾನ್ ಮಾಡಲ್ಲ. ಕಾಲಲ್ಲಿ ನಡೆದು ನೆಲ ನೋಡಿದ ಮೇಲೆಯೇ ನಕ್ಷೆ ಮೇಲೆ ಪೆನ್ಸಿಲ್ ಇಡಬೇಕು. ನಾನು ಬೆಳಗ್ಗೆ ಏಳಕ್ಕೆ ಸರ್ವೇಯರ್ ಮತ್ತು ಗ್ರಾಮ ಆಡಳಿತ ಅಧಿಕಾರಿಯನ್ನು ಕರೆದುಕೊಂಡು ಎರಡೂ ಕಡೆಯವರ ಜೊತೆ ಆ ದಾರಿ ನಡೆದೆ. ನಡೆಯುವಾಗ ಹಿಂದಿನ ಹೊಲದ ಹೆಣ್ಣುಮಗಳು ತಲೆ ಮೇಲೆ ಮೇವಿನ ಹೊರೆ ಇಟ್ಟುಕೊಂಡು ಹಳ್ಳ ಬಳಸಿಕೊಂಡು ಬರುತ್ತಿದ್ದಳು, ಎರಡು ಕಿಲೋಮೀಟರ್ ಸುತ್ತು. ಅಡಿಕೆ ಹಾಕಿದ ಯಜಮಾನರೂ ನೋಡಿದರು, ನಾನೂ ನೋಡಿದೆ, ಯಾರೂ ಏನೂ ಮಾತಾಡಲಿಲ್ಲ. ಕಚೇರಿಯಲ್ಲಿ ಕೂತಿದ್ದರೆ ಅದು ಕಾಣುತ್ತಿರಲಿಲ್ಲ.

ದಾರಿ ಬಿಡಿಸಿ ಆದೇಶ ಮಾಡಿದೆ. ಅಡಿಕೆ ಹಾಕಿದವರು ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಮೇಲ್ಮನವಿ ಹೋದರು. ನನಗೆ ತುಂಬಾ ಬೇಸರ ಆಯಿತು, ಸಿಟ್ಟೂ ಬಂತು. ಸೇನೆಯಲ್ಲಿ ಆದೇಶ ಅಂದರೆ ಮಾತು ಮುಗಿಯಿತು. ಇಲ್ಲಿ ಆದೇಶದಿಂದಲೇ ಮಾತು ಶುರು. ನಮ್ಮ ಕಚೇರಿಯ ಶಿರಸ್ತೇದಾರರು ಒಬ್ಬರು, ನಿವೃತ್ತಿಗೆ ಆರು ತಿಂಗಳಿತ್ತು, ಅವರು ಹೇಳಿದರು: "ಸರ್, ಮೇಲ್ಮನವಿ ಅವರ ಹಕ್ಕು. ನಾಳೆ ಅವರೇ ಪಹಣಿ ತಿದ್ದುಪಡಿಗೆ ನಿಮ್ಮ ಹತ್ತಿರ ಬರುತ್ತಾರೆ, ಅವತ್ತು ಕೂರಿ ಅನ್ನಬೇಕು." ಬಂದರು. ಕೂರಿ ಅಂದೆ. ನನಗೆ ಸೇನೆ ಕಲಿಸದ ಪಾಠ ಅದು. ಅಲ್ಲಿ ಎದುರಾಳಿ ಗಡಿಯ ಆಚೆ ಇರುತ್ತಾನೆ. ಇಲ್ಲಿ ತಕರಾರಿನ ಎರಡೂ ಕಡೆಯವರು ನನ್ನ ಜನವೇ.

ಇನ್ನೊಂದು, ಸೈನಿಕ್ ಸಮ್ಮೇಳನ ಅಂತ ಇರುತ್ತದೆ ಸೇನೆಯಲ್ಲಿ. ಕಮಾಂಡಿಂಗ್ ಆಫೀಸರ್ ಎಲ್ಲ ಜವಾನರನ್ನೂ ಸೇರಿಸಿ ಮಾತಾಡುತ್ತಾರೆ, ಯಾವ ಜವಾನ ಬೇಕಾದರೂ ಎದ್ದು ನಿಂತು ಕಷ್ಟ ಹೇಳಬಹುದು. ಅಧಿಕಾರಿ ಅಲ್ಲೇ ಉತ್ತರ ಕೊಡಬೇಕು, ಮುಂದಿನ ಸಮ್ಮೇಳನದಲ್ಲಿ ಏನಾಯಿತು ಅಂತ ಹೇಳಬೇಕು. ಹಳ್ಳಿಗೆ ಅಹವಾಲು ಕೇಳೋಕೆ ಹೋದಾಗ ನಾನು ಅದೇ ಮಾಡುತ್ತೇನೆ. ಹೋದ ಸಲದ ಪಟ್ಟಿ ಮೊದಲು ಓದುತ್ತೇನೆ, ಆಗದೇ ಇದ್ದದ್ದನ್ನು ಆಗಿಲ್ಲ ಅಂತಲೇ ಓದುತ್ತೇನೆ. ಮೊದಮೊದಲು ಜನ ಬೈದರು. ಈಗ ಆಗಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ, ಅದಕ್ಕೂ ಉತ್ತರ ಇಟ್ಟುಕೊಂಡು ಹೋಗುತ್ತೇನೆ.

ಐಎಎಸ್‌ನಲ್ಲೂ ಸೇನೆಯಿಂದ ಬಂದವರು ಇದ್ದಾರೆ. ಕ್ಯಾಪ್ಟನ್ ಮಣಿವಣ್ಣನ್ ಹೆಸರು ಹುಬ್ಬಳ್ಳಿ-ಧಾರವಾಡ, ಮೈಸೂರು ಕಡೆಯವರಿಗೆ ಚೆನ್ನಾಗಿ ಗೊತ್ತು. ಐಎಎಸ್ ತರಬೇತಿಯಲ್ಲೇ ಕೆಲವು ದಿನ ಸೇನೆಯ ಜೊತೆ ಇರೋಕೆ ಕಳಿಸುತ್ತಾರೆ. ಆದರೆ ಕೆಲವು ದಿನ ನೋಡಿ ಬರೋದೇ ಬೇರೆ, ನದಿ ಉಕ್ಕಿದ ರಾತ್ರಿ ಕಾಳಜಿ ಕೇಂದ್ರದಲ್ಲಿ ಮುನ್ನೂರು ಜನರಿಗೆ ಊಟ, ಹೊದಿಕೆ, ಮಗುವಿಗೆ ಹಾಲು, ಲೈಟು, ಶೌಚಾಲಯ ಎಲ್ಲಾ ಒಂದೇ ಸಲ ನೋಡಿಕೊಳ್ಳಬೇಕಾದಾಗ ಕೈ ತಾನಾಗೇ ಕೆಲಸಕ್ಕೆ ಹೋಗೋದೇ ಬೇರೆ. ಕೊನೆಯ ತಟ್ಟೆ ನನ್ನದು ಅನ್ನೋದನ್ನು ಅವತ್ತು ನನಗೆ ಯಾರೂ ನೆನಪು ಮಾಡಬೇಕಾಗಿರಲಿಲ್ಲ.


ಹರಿಹರದ ಅಮ್ಮ

ಎಲ್ಲರೂ ಒಳ್ಳೆಯದು ಬರೆದಿದ್ದೀರಿ. ನಾನು ಇನ್ನೊಂದು ಮಾತು ಹೇಳಲೇಬೇಕು. ನನ್ನ ಮಗ ಅಕಾಡೆಮಿಗೆ ಸೇರಿ ಒಂದೂವರೆ ವರ್ಷಕ್ಕೆ ಬೆನ್ನಿಗೆ ಪೆಟ್ಟು ಮಾಡಿಕೊಂಡು ವಾಪಸ್ ಬಂದ. ವೈದ್ಯಕೀಯ ಕಾರಣಕ್ಕೆ ಕಳಿಸಿದರು. ಯೂನಿಫಾರಂ ಹಾಕಿದ್ದ, ಆದರೆ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ ಆಗಿರಲಿಲ್ಲ, ಹಾಗಾಗಿ ಕಾಗದದಲ್ಲಿ ಅವನು ಮಾಜಿ ಸೈನಿಕ ಅಲ್ಲ. ಇಂಥ ಮಕ್ಕಳ ವಿಷಯವನ್ನು 2025ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡಿತು. ಅವತ್ತು ಆ ಸುದ್ದಿ ಓದಿ ನಾನು ಅತ್ತೆ.

ಹೋಗಬೇಡ ಅಂತ ಹೇಳುತ್ತಿಲ್ಲ ತಾಯಿ. ಸೇರುವಾಗ ಬಾಂಡ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಮಗ ತಾನಾಗಿ ಬಿಟ್ಟು ಬಂದರೆ ತರಬೇತಿ ಖರ್ಚು ವಾಪಸ್ ಕೊಡಬೇಕಾಗುತ್ತದೆ. ಪ್ರತಿ ಸಾಲೂ ಓದಿ ಸಹಿ ಹಾಕಿ. ಮತ್ತೆ ತಮ್ಮನಿಗೆ ಹೇಳಿ, ನೋವಾದರೆ ಮುಚ್ಚಿಡಬಾರದು. ನನ್ನ ಮಗ ಹೆಸರು ಹಿಂದೆ ಬೀಳುತ್ತದೆ ಅಂತ ಎರಡು ತಿಂಗಳು ನೋವು ನುಂಗಿಕೊಂಡು ಓಡಿದ. ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತೋ ಅಂತ ನಾನು ಈಗಲೂ ರಾತ್ರಿ ಯೋಚನೆ ಮಾಡುತ್ತೇನೆ.

ಅವನು ಈಗ ಡಿಗ್ರಿ ಮುಗಿಸಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ಬೆಳಗ್ಗೆ ನಾಲ್ಕೂವರೆಗೇ ಏಳುತ್ತಾನೆ. ಹಾಸಿಗೆಯ ಹೊದಿಕೆ ಒಂದು ಸುಕ್ಕೂ ಇಲ್ಲದ ಹಾಗೆ ಮಡಿಸಿಡುತ್ತಾನೆ.


ಜಗಳೂರು ಅಕ್ಕ

ಅಮ್ಮಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ನಿಮ್ಮ ಮಗನಿಗೆ ಒಳ್ಳೆಯದಾಗಲಿ. ಅವರು ಪಿಡಿಒ ಆಗಿ ನಮ್ಮ ಪಂಚಾಯ್ತಿಗೆ ಬಂದರೆ ನಮ್ಮೂರಿನ ಭಾಗ್ಯ.

ನಿನ್ನೆ ರಾತ್ರಿ ಇದೆಲ್ಲಾ ತಮ್ಮನಿಗೆ ಓದಿಸಿದೆ, ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಎನ್‌ಡಿಎಯಿಂದ ಹೋದರೆ ಐಎಎಸ್ ಲೆಕ್ಕ ಕೂಡಲ್ಲ ಅನ್ನೋದು ತಮ್ಮನಿಗೆ ಗೊತ್ತೇ ಇರಲಿಲ್ಲ. ಮುಖ ಸಪ್ಪೆ ಮಾಡಿಕೊಂಡು ಟೆರೇಸ್ ಮೇಲೆ ಹೋಗಿ ಕೂತ. ಒಂದು ಗಂಟೆ ಬಿಟ್ಟು ಕೆಳಗೆ ಬಂದು ಹೇಳಿದ, "ಅಕ್ಕಾ, ಡಿಸಿ ಆಗದೇ ಇದ್ದರೂ ನನಗೆ ಸೇನೆ ಬೇಕು ಅನಿಸುತ್ತಾ ಇದೆಯಾ ಅಂತ ಯೋಚನೆ ಮಾಡಿದೆ." ಏನನ್ನಿಸಿತು ಅಂದೆ. "ಅನಿಸುತ್ತಿದೆ, ಆದರೆ ಇನ್ನೊಂದು ವಾರ ಬೇಕು" ಅಂದ. ಆ ಉತ್ತರ ನನಗೆ ಇಷ್ಟ ಆಯಿತು.

ಅಪ್ಪ ಎಲ್ಲಾ ಕೇಳಿಸಿಕೊಂಡು ಬಂಡಿದಾರಿ ವಿಷಯಕ್ಕೆ ಬಂದಾಗ ಮತ್ತೊಂದು ಸಲ ಓದು ಅಂದರು. ನಮ್ಮ ಹೊಲಕ್ಕೂ ದಾರಿ ತಕರಾರು ಇದೆ, ಅದಕ್ಕೆ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಕರ್ನಲ್ ಸರ್, ನಿಮಗೇ ಕೇಳೋಕೆ ಹೇಳಿದ್ದಾರೆ. ತಮ್ಮನಿಗೂ ಈಜು ಬರಲ್ಲ. ಮೊದಲೇ ಬರದಿದ್ದರೆ ತೆಗೆದುಕೊಳ್ಳಲ್ವಾ?


ಶೇಂಗಾ ಹೊಲ

ತೆಗೆದುಕೊಳ್ಳುತ್ತಾರೆ. ಬರದವರಿಗೆ ಅಲ್ಲೇ ಕಲಿಸುತ್ತಾರೆ, ನನಗೂ ಹಾಗೇ ಕಲಿಸಿದರು. ಆದರೆ ಈಗಲೇ ಕಲಿತರೆ ಮೊದಲ ಟರ್ಮಿನಲ್ಲಿ ಒಂದು ಭಯ ಕಡಿಮೆ. ದಾವಣಗೆರೆಯಲ್ಲಿ ಈಜುಕೊಳ ಇದೆ, ಪರೀಕ್ಷೆ ಮುಗಿದ ಮಾರನೇ ದಿನವೇ ಸೇರಿಸಿ. ಕಣ್ಣು, ಕಿವಿ, ಪಾದ ಚಪ್ಪಟೆ ಇದೆಯಾ ಅಂತ ಒಮ್ಮೆ ಡಾಕ್ಟರ್ ಹತ್ತಿರ ತೋರಿಸಿ, ಎಷ್ಟೋ ಮಕ್ಕಳು ಎಲ್ಲಾ ಪಾಸಾಗಿ ಮೆಡಿಕಲ್‌ನಲ್ಲಿ ನಿಲ್ಲುತ್ತಾರೆ.

ಒಂದು ವಾರ ಯೋಚನೆ ಮಾಡಲಿ. ಮಾಡಿದ ಮೇಲೆ ಅಪ್ಪನನ್ನೂ 
ಕರೆದುಕೊಂಡು ಒಂದು ಭಾನುವಾರ ಚಿತ್ರದುರ್ಗಕ್ಕೆ ಬರಲಿ. ನಾನು ಬರುತ್ತೇನೆ. ಹುಡುಗ ಓಡೋ ಶೂ ಹಾಕಿಕೊಂಡು ಬರಲಿ, ಜೋಗಿಮಟ್ಟಿ ಹತ್ತೋಣ. ಅಪ್ಪ ಮತ್ತು ನಾನು ನಿಧಾನವಾಗಿ ಹಿಂದೆ ನಡೆಯುತ್ತೇವೆ. ದಾರಿ ತಕರಾರಿನ ಕಾಗದ ಪತ್ರ, ಗ್ರಾಮ ನಕಾಶೆ ಇದ್ದರೆ ಅದನ್ನೂ ತರೋಕೆ ಹೇಳಿ, ನೋಡೋಣ.